ಎಂ.ಜಿ. ರಸ್ತೆಯಿಂದ ಸೂರ್ಯನವರೆಗೆ

ಉದ್ದ ಹೆಚ್ಚೆಂದರೆ 2 ಕಿ.ಮೀ. ಕಡೂರಿನಿಂದ ಬೀರೂರಿಗಿರುವ ದೂರದ ಮೂರನೇ ಒಂದು ಪಾಲು. ಅನಿಲ್ ಕುಂಬ್ಳೆ ವೃತ್ತದಲ್ಲಿ ಹೆಜ್ಜೆ ಹಾಕಲು ಶುರು ಮಾಡಿದರೆ ಅರ್ಧ ಗಂಟೆಗೆಲ್ಲ ಟ್ರಿನಿಟಿ ವೃತ್ತ ಬಂದುಬಿಡುತ್ತದೆ. ಬೆಂಗಳೂರಿನ ಮಹಾತ್ಮ ಗಾಂಧಿ ರಸ್ತೆ ಅಷ್ಟೇ. ಆದರೆ ಈ ಗೇಣುದ್ದದ ರಸ್ತೆಯ ಅಂಕಿಗಳನ್ನು ನಮ್ಮ ಕಡೂರು, ತರೀಕೆರೆ, ಅಜ್ಜಂಪುರದ ಅಳತೆಗೆ ಹಿಡಿದು ನೋಡಿ, ತಲೆ ಗಿರ್ರೆನ್ನುತ್ತದೆ!

ತಲೆ ಎತ್ತಿದರೆ ಮೊದಲು ಕಾಣುವುದು ಯುಟಿಲಿಟಿ ಬಿಲ್ಡಿಂಗ್. 25 ಅಂತಸ್ತು, 106 ಮೀಟರ್. ವಿಜಯಪುರದ ಗೋಳಗುಮ್ಮಟದ ಎತ್ತರ 51 ಮೀಟರ್. ಒಂದು ಗುಮ್ಮಟದ ನೆತ್ತಿಯ ಮೇಲೆ ಇನ್ನೊಂದನ್ನು ಕೂರಿಸಿದರೂ 4 ಮೀಟರ್ ಕಡಿಮೆಯೇ ಬೀಳುತ್ತದೆ. ಇದೇ ರಸ್ತೆಯಲ್ಲಿ 'ಪ್ರಜಾವಾಣಿ'ಯ ಕಚೇರಿಯೂ ಇದೆ. ಸೌತ್ ಪರೇಡ್ ಎಂಬ ಹಳೆಯ ಹೆಸರು ಹೋಗಿ ಗಾಂಧೀಜಿಯ ಹೆಸರು ಬಂದ 1948ರಲ್ಲೇ ಹುಟ್ಟಿದ ಪತ್ರಿಕೆ. ಅಂದಿನಿಂದ ಬಂದ ಸಂಚಿಕೆಗಳು 27 ಸಾವಿರಕ್ಕೂ ಮಿಕ್ಕು. ಒಂದೊಂದೂ 2 ಮಿ.ಮೀ. ದಪ್ಪ ಎಂದು ಹಿಡಿದು ಪೇರಿಸಿದರೆ ಆ ಕಾಗದದ ಗೋಪುರ ಗೋಳಗುಮ್ಮಟವನ್ನೇ ಮೀರುತ್ತದೆ!

ರಸ್ತೆಯ ಒಂದು ತುದಿಗೆ ಚಿನ್ನಸ್ವಾಮಿ ಕ್ರೀಡಾಂಗಣ. ಅಲ್ಲಿ ಕೂರಬಲ್ಲವರು ಸುಮಾರು 35 ಸಾವಿರ ಮಂದಿ. 2011ರ ಜನಗಣತಿಯಲ್ಲಿ ಇಡೀ ತರೀಕೆರೆ ಪಟ್ಟಣದ ಜನಸಂಖ್ಯೆಯೇ ಹೆಚ್ಚುಕಡಿಮೆ ಅಷ್ಟು. ಕೂಸು ಕುನ್ನಿ, ಅಜ್ಜ ಅಜ್ಜಿ ಎನ್ನದೆ ಊರಿಗೆ ಊರೇ ಎದ್ದು ಬಂದರೂ ಒಂದು ಕ್ರಿಕೆಟ್ ಪಂದ್ಯದ ಜನ!

ವಯಸ್ಸಿನ ವಿಷಯಕ್ಕೆ ಬಂದರೆ ಮಾತ್ರ ಗೆಲುವು ನಮ್ಮದೇ. ಈ ರಸ್ತೆ ಇರುವ ಬೆಂಗಳೂರಿನ ದಂಡಿಗೆ (ಕಂಟೋನ್ಮೆಂಟ್) ಬ್ರಿಟಿಷರು ಬುನಾದಿ ಹಾಕಿದ್ದು 1809ರಲ್ಲಿ. ತರೀಕೆರೆ ಸೀಮೆಯ ಅಮೃತಾಪುರದಲ್ಲಿ ಅಮೃತೇಶ್ವರ ದೇವಾಲಯ ಎದ್ದದ್ದು 1196ರಲ್ಲಿ, ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ. 613 ವರ್ಷ ಹಿರಿಯ! ದಂಡು ಬರುವ ಹೊತ್ತಿಗೆ ನಮ್ಮ ಗುಡಿಯ ಹೊಳೆಯುವ ಕಂಬಗಳು ಇಪ್ಪತ್ತಕ್ಕೂ ಹೆಚ್ಚು ತಲೆಮಾರುಗಳನ್ನು ನೋಡಿ ಮುಗಿಸಿದ್ದವು.

ಈ ದಂಡಿಗೂ ಅಜ್ಜಂಪುರಕ್ಕೂ ಒಂದು ನಂಟಿದೆ. ಮೆಟ್ರೊ ನಿಲ್ದಾಣದ ಮೆಟ್ಟಿಲು ಹತ್ತಿ ನಿಂತರೆ ಕೆಳಗೆ ಹಸಿರಾಗಿ ಹಾಸಿಕೊಂಡಿರುವ ಪರೇಡ್ ಮೈದಾನ ಕಾಣುತ್ತದೆ. ಆ ಕಾಲದ ಸೇನೆಗಳ ತೋಪು, ಸಾಮಾನು ಎಳೆದದ್ದು ಅಮೃತಮಹಲ್ ಎತ್ತುಗಳು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ತಳಿ ಬ್ರಿಟಿಷ್ ಸೇನೆಯ ಕೈಸೇರಿತು. ಇಂದಿಗೂ ಅದರ ತಳಿ ಸಂವರ್ಧನಾ ಕೇಂದ್ರ ಇರುವುದು ಅಜ್ಜಂಪುರದಲ್ಲಿ. ಒಂದು ಹೋರಿಯ ಮುಂದೆ ನಿಂತು ನೋಡಬೇಕು: ನೆತ್ತಿಯ ಮೇಲೆ ಒತ್ತೊತ್ತಾಗಿ ಹುಟ್ಟಿ, ಹಿಂದಕ್ಕೆ ಬಾಗಿ, ಮತ್ತೆ ಮೇಲೆದ್ದ ಕೊಂಬು; ಅದರ ತುದಿ ಕಪ್ಪಗೆ, ಸೂಜಿಯಷ್ಟು ಚೂಪು. ಚಿದಂಬರಕ್ಕೆ ಧಾವಿಸಿದಾಗ ಹೈದರಾಲಿಯ ಸೇನೆ ಇವುಗಳ ಬಲದಿಂದ ಎರಡೂವರೆ ದಿನದಲ್ಲಿ 100 ಮೈಲಿ, ಅಂದರೆ 160 ಕಿ.ಮೀ., ಕ್ರಮಿಸಿತಂತೆ. ಅವನ ಬಳಿ ಇದ್ದ ಎತ್ತುಗಳು 60 ಸಾವಿರ ಎಂಬ ಮಾತಿದೆ. ಎತ್ತಿಗೆ ಎರಡೂವರೆ ಮೀಟರ್ ಜಾಗ ಎಂದರೂ ಸಾಲು 150 ಕಿ.ಮೀ.! ಎಂ.ಜಿ. ರಸ್ತೆಯಲ್ಲೇ ನಿಲ್ಲಿಸುವುದಾದರೆ 75 ಸಾಲು ಬೇಕು. ಒಂದೇ ಸಾಲಾಗಿ ನಮ್ಮೂರ ಕಡೆ ಹೊರಡಿಸಿದರೆ ಕೊನೆಯ ಎತ್ತು ಬೆಂಗಳೂರಿನಲ್ಲಿರುವಾಗಲೇ ಮೊದಲ ಎತ್ತು ತಿಪಟೂರು ದಾಟಿರುತ್ತದೆ!

ಈಗ ಎತ್ತಿನ ಜಾಗಕ್ಕೆ ಮೆಟ್ರೊ. 2011ರ ಅಕ್ಟೋಬರ್ 20ರಂದು ದಕ್ಷಿಣ ಭಾರತದ ಮೊದಲ ಮೆಟ್ರೊ ರೈಲು ಓಡಿದ್ದು ಬೈಯಪ್ಪನಹಳ್ಳಿಯಿಂದ ಇದೇ ಎಂ.ಜಿ. ರಸ್ತೆಗೆ. ಅಂದು ಇದ್ದದ್ದು 6 ನಿಲ್ದಾಣ, 6.7 ಕಿ.ಮೀ.; ಹೆಚ್ಚುಕಡಿಮೆ ಕಡೂರು-ಬೀರೂರು ದೂರ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಸೇರಿದಾಗ ಅದು 96 ಕಿ.ಮೀ. ಆಯಿತು. ಆ ಹಳಿಯನ್ನೆಲ್ಲ ಕಿತ್ತು ತಂದು ಕಡೂರಿನಿಂದ ಹಾಸಿದರೆ ಬೀರೂರು, ತರೀಕೆರೆ, ಭದ್ರಾವತಿ ಎಲ್ಲ ಹಿಂದಕ್ಕೆ ಬಿದ್ದು, ಶಿವಮೊಗ್ಗ ಮುಟ್ಟಿದ ಮೇಲೂ ಹಳಿ ಮಿಗುತ್ತದೆ. 6 ಬೋಗಿಯ ಒಂದೇ ರೈಲು ಕಿಕ್ಕಿರಿದರೆ ಸುಮಾರು 2 ಸಾವಿರ ಜನ. 50 ಸೀಟಿನ ನಮ್ಮ ಕೆಂಪು ಬಸ್ಸುಗಳಾದರೆ 40 ಬೇಕು. ಅಂಥ ರೈಲು ದಟ್ಟಣೆಯ ಹೊತ್ತಿನಲ್ಲಿ ಕೆಲವೇ ನಿಮಿಷಕ್ಕೊಂದು ಬರುತ್ತದೆ!

ಇನ್ನು ಕೂತು ಕೇಳಬೇಕಾದ ಅಂಕಿ. 2025ರ ಆಗಸ್ಟ್ 11, ಸೋಮವಾರ, ಒಂದೇ ದಿನ ಮೆಟ್ರೊದಲ್ಲಿ ದಾಖಲಾದ ಪ್ರಯಾಣ 10.48 ಲಕ್ಷ. 2011ರ ಜನಗಣತಿಯಂತೆ ಚಿಕ್ಕಮಗಳೂರು ಜಿಲ್ಲೆಯ ಒಟ್ಟು ಜನ 11.38 ಲಕ್ಷ. ಮೂಡಿಗೆರೆಯ ತೋಟದವರು, ಶೃಂಗೇರಿ ಕೊಪ್ಪದವರು, ಕಡೂರಿನ ತೆಂಗಿನವರು, ಅಜ್ಜಂಪುರದ ಈರುಳ್ಳಿಯವರು, ಹೀಗೆ ಇಡೀ ಜಿಲ್ಲೆಯಲ್ಲಿ ಹತ್ತಕ್ಕೆ ಒಂಬತ್ತು ಜನ ಒಂದು ಸೂರ್ಯೋದಯಕ್ಕೂ ಮರುದಿನದ ಸೂರ್ಯೋದಯಕ್ಕೂ ನಡುವೆ ಟಿಕೆಟ್ ತಗೊಂಡು ರೈಲು ಹತ್ತಿದಂತೆ!

ಸುಮ್ಮನೆ ಒಬ್ಬೊಬ್ಬರಿಗೂ 10 ಕಿ.ಮೀ. ಎಂದು ಲೆಕ್ಕ ಹಾಕೋಣ. ಆ ಒಂದು ದಿನದಲ್ಲಿ ಎಲ್ಲರೂ ಸೇರಿ ಸಾಗಿದ್ದು 1 ಕೋಟಿ 4 ಲಕ್ಷ 80 ಸಾವಿರ ಕಿ.ಮೀ. ಭೂಮಿಯ ನಡುಪಟ್ಟಿಯ ಸುತ್ತಳತೆ 40 ಸಾವಿರ ಕಿ.ಮೀ. ಹಾಗಾದರೆ ಭೂಮಿಗೆ 260 ಪ್ರದಕ್ಷಿಣೆ! ಚಂದ್ರ ಇರುವುದು ಸುಮಾರು 3 ಲಕ್ಷ 84 ಸಾವಿರ ಕಿ.ಮೀ. ದೂರದಲ್ಲಿ. ಅಲ್ಲಿಗೆ 13 ಸಲ ಹೋಗಿ 13 ಸಲ ಮರಳಿ, ರಾತ್ರಿ ಕೊನೆಯ ರೈಲಿನ ಹೊತ್ತಿಗೆ ಇನ್ನೊಮ್ಮೆ ಚಂದ್ರನನ್ನು ಮುಟ್ಟಿಯಾಗಿರುತ್ತದೆ. ಸೂರ್ಯನೋ, ಸುಮಾರು 15 ಕೋಟಿ ಕಿ.ಮೀ. ದಿನವೂ ಅಷ್ಟೇ ಜನ ಹತ್ತಿದರೆ ಅದಕ್ಕೂ ಹದಿನೈದೇ ದಿನ. ಈ ಸೋಮವಾರ ಬೆಳಿಗ್ಗೆ ಎಂ.ಜಿ. ರಸ್ತೆಯಲ್ಲಿ ಲೆಕ್ಕ ಶುರು ಮಾಡಿದರೆ, ಬರುವ ಸೋಮವಾರ ಅರ್ಧ ದಾರಿ. ಅದರ ಮುಂದಿನ ಸೋಮವಾರ ಸೂರ್ಯ!