ಶುಲ್ಕವಿಲ್ಲದ ವಕಾಲತ್ತು

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ವಕೀಲಿ ವೃತ್ತಿಯ ಮೇಲೆ ಜನ ಬರೆದ ಷರಾ. ಈ ಷರಾ ತಿದ್ದುವ ಕಚೇರಿಯೊಂದು ಪ್ರತಿ ಜಿಲ್ಲೆಯಲ್ಲೂ ಇದೆ. ಅದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ. ಬಡವನಿಗೆ ವಕೀಲರನ್ನು ಕೊಡಿಸುವುದು ಅದರ ಕೆಲಸ.

ಉಚಿತ ಕಾನೂನು ನೆರವನ್ನು ಸಂವಿಧಾನಕ್ಕೆ ಸೇರಿಸಿದ್ದು 1976ರ 42ನೇ ತಿದ್ದುಪಡಿ, 39ಎ ವಿಧಿಯ ಮೂಲಕ. ಆದರೆ ಅದಕ್ಕೆ ಜೀವ ತುಂಬಿದ್ದು ಬಿಹಾರದ ಜೈಲುಗಳ ಕತೆ. ಅಪರಾಧ ಸಾಬೀತಾದರೂ ಆಗಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚು ಕಾಲ, ವಿಚಾರಣೆಯೇ ಇಲ್ಲದೆ ಜನ ಅಲ್ಲಿ ಕೊಳೆಯುತ್ತಿದ್ದರು. ಅವರ ಪರವಾಗಿ ವಕೀಲೆ ಪುಷ್ಪಾ ಕಪಿಲಾ ಹಿಂಗೋರಾನಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 1979ರ ಆ ಹುಸೇನಾರಾ ಖಾತೂನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಪೀಠ, ಬಡ ಆರೋಪಿಗೆ ಉಚಿತ ವಕೀಲರು ಸಿಗುವುದು ಮೂಲಭೂತ ಹಕ್ಕಿನ ಭಾಗವೆಂದು ಸಾರಿತು. 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಬಂತು. 1995ರ ನವೆಂಬರ್ 9ರಂದು ಜಾರಿಯಾಯಿತು.

ನಮ್ಮ ರಾಜ್ಯ ಪ್ರಾಧಿಕಾರ ಇರುವುದು ಬೆಂಗಳೂರಿನ ‘ನ್ಯಾಯ ದೇಗುಲ’ದಲ್ಲಿ. ಜಿಲ್ಲಾ ನ್ಯಾಯಾಧೀಶರೇ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು, ತಾಲ್ಲೂಕಿಗೆ ಸಮಿತಿಗಳಿವೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಕೈಗಾರಿಕಾ ಕಾರ್ಮಿಕರಿಗೆ ಈ ನೆರವು ಪಡೆಯಲು ಆದಾಯದ ಮಿತಿಯೇ ಇಲ್ಲ. ವಕೀಲರ ಶುಲ್ಕ ಮಾತ್ರವಲ್ಲ, ಕೋರ್ಟ್ ಶುಲ್ಕ, ದಾಖಲೆಗಳ ನಕಲಿನ ವೆಚ್ಚವೂ ಪ್ರಾಧಿಕಾರದ್ದೇ. ಓದು ಬರಹ ಬಾರದವರು ಬಾಯಲ್ಲಿ ಹೇಳಿದರೆ ಸಾಕು, ಅರ್ಜಿಯನ್ನು ಕಚೇರಿಯವರೇ ಬರೆದುಕೊಳ್ಳುತ್ತಾರೆ.

ಪ್ರಾಧಿಕಾರದ ಪಟ್ಟಿಯಲ್ಲಿರುವ ಪ್ಯಾನೆಲ್ ವಕೀಲರಿಗೆ ಸಿಗುವ ಗೌರವಧನ ಖಾಸಗಿ ಕಕ್ಷಿದಾರ ಕೊಡುವಷ್ಟಿರುವುದಿಲ್ಲ. ಗಳಿಕೆ ಬೇರೆ ಬಗೆಯದು. ಜಾಮೀನು ಮಂಜೂರಾದರೂ ಪಹಣಿ ಹಿಡಿದು ನಿಲ್ಲುವ ಜಾಮೀನುದಾರ ಸಿಗದೆ ಜೈಲಿನಲ್ಲೇ ಉಳಿದ ಕೂಲಿಕಾರರಿರುತ್ತಾರೆ. ಅಂಥವರಿಗಾಗಿ ಷರತ್ತು ಸಡಿಲಿಸಿ ಎಂದು ಒಂದು ಅರ್ಜಿ ಹಾಕಿದರೆ ಮನೆಯೊಂದಕ್ಕೆ ದುಡಿಯುವ ಕೈ ಮರಳಬಹುದು. ಜೀವನಾಂಶದ ಆದೇಶವಿದ್ದೂ ಬಿಡಿಗಾಸು ಕಾಣದ ಹೆಣ್ಣುಮಗಳಿಗೆ ವಸೂಲಿ ಅರ್ಜಿಯೇ ಆಸರೆ. ಪತ್ರಿಕೆಗಳ ಕಾನೂನು ವರದಿಗಳಲ್ಲಿ ಇಂಥ ಗೆಲುವುಗಳಿಗೆ ಜಾಗವಿಲ್ಲ. ಆದರೆ ವಕೀಲರನ್ನು ಊರು ನೆನೆಯುವುದು ಇವುಗಳಿಂದಲೇ.

ಪ್ರಾಧಿಕಾರವೇ ನಡೆಸುವ ಲೋಕ ಅದಾಲತ್‌ನಲ್ಲಂತೂ ವಾದಿಸುವುದಕ್ಕಿಂತ ಒಪ್ಪಿಸುವುದೇ ಜಾಣತನ. ಅಪಘಾತ ಪರಿಹಾರ, ಚೆಕ್ ಬೌನ್ಸ್, ಪಾಲು ವಿಭಾಗದಂಥ ರಾಜಿಯಾಗಬಲ್ಲ ವ್ಯಾಜ್ಯಗಳು ಅಲ್ಲಿ ಬಗೆಹರಿಯುತ್ತವೆ. ತೀರ್ಮಾನಕ್ಕೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ, ಕಟ್ಟಿದ ಕೋರ್ಟ್ ಶುಲ್ಕವೂ ವಾಪಸು.

ಸಾಮಾನ್ಯವಾಗಿ ಮೂರು ವರ್ಷ ವಕೀಲಿಕೆ ಮಾಡಿದವರು ಪ್ಯಾನೆಲ್‌ಗೆ ಅರ್ಜಿ ಹಾಕಬಹುದು. ಯುವ ವಕೀಲರೇ, ಹಿಂಜರಿಯಬೇಡಿ. ಓದುಗರು ಮಾಡಬೇಕಾದದ್ದು ಇನ್ನೂ ಸುಲಭ: ವಕೀಲರನ್ನು ಇಡಲಾಗದೆ ಕಂಗೆಟ್ಟವರು ಕಂಡರೆ 15100 ಸಹಾಯವಾಣಿಯ ಸಂಖ್ಯೆ ಬರೆದುಕೊಡಿ.