ಗ್ರಾಮಸಭೆ: ಕೂಗುವ ಮೊದಲು, ಕೂಗಿದ ಮೇಲೆ

ಲಿಂಗಸುಗೂರು ಸೀಮೆಯ ಗ್ರಾಮಸಭೆಗಳನ್ನು ನೋಡಿದವರಿಗೆ ಈ ದೃಶ್ಯ ಹೊಸದಲ್ಲ. ಶಾಮಿಯಾನದಡಿ ಇಲಾಖೆಯವರು ಒಬ್ಬೊಬ್ಬರಾಗಿ ತಮ್ಮ ಯೋಜನೆಗಳ ಪಟ್ಟಿ ಓದುತ್ತಿರುತ್ತಾರೆ. ಹಿಂದಿನ ಸಾಲಿನಿಂದ ಒಬ್ಬರು ಎದ್ದು, "ಸಾಹೇಬ್ರ, ನಮ್ಮ ದೊಡ್ಡಿಗೆ ನೀರಿಲ್ಲ, ಲೈಟಿಲ್ಲ, ಹೋದ ವರ್ಷನೂ ಹೇಳಿದ್ವಿ" ಎನ್ನುತ್ತಾರೆ. "ಬರ್ಕೊಂಡೀವ್ರಿ, ನೋಡಮು" ಎಂದು ವೇದಿಕೆಯಿಂದ ಉತ್ತರ ಬರುತ್ತದೆ. ಸ್ವಲ್ಪ ಗದ್ದಲವಾಗಿ ಸಭೆ ಮುಗಿಯುತ್ತದೆ. ಮುಂದಿನ ವರ್ಷವೂ ಅದೇ ಮಾತು, ಅದೇ ಉತ್ತರ. ಅಧಿಕಾರಿಗಳ ಉದಾಸೀನ ಇದಕ್ಕೊಂದು ಕಾರಣ, ನಿಜ. ಆದರೆ ಗ್ರಾಮಸಭೆಯಲ್ಲಿ ಗೆಲ್ಲುವ ಬೇಡಿಕೆ ಬಹುತೇಕ ಅಲ್ಲಿಗೆ ಬರುವ ಮೊದಲೇ ಕಾಗದಕ್ಕೆ ಇಳಿದಿರುತ್ತದೆ ಎಂಬುದನ್ನು ನಮಗೆ ಯಾರೂ ಹೇಳಿಕೊಡುವುದಿಲ್ಲ.

1993ರ ಪಂಚಾಯತ್ ರಾಜ್ ಕಾಯ್ದೆಗೆ ಈಗ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ ಎಂದು ಹೆಸರು. ಅದರಲ್ಲಿ ಗ್ರಾಮಸಭೆಗೆ ಏರುವ ಮೆಟ್ಟಿಲುಗಳಿವೆ. ಮೊದಲು ಜನವಸತಿ ಸಭೆ, ಆಮೇಲೆ ವಾರ್ಡ್ ಸಭೆ, ಕೊನೆಗೆ ಗ್ರಾಮಸಭೆ. ದೊಡ್ಡಿ, ತಾಂಡಾಗಳು ಚದುರಿ ಬಿದ್ದಿರುವ ನಮ್ಮ ಕಡೆ ಮೊದಲ ಮೆಟ್ಟಿಲೇ ಮುಖ್ಯ. ಹತ್ತಿಪ್ಪತ್ತು ಮನೆಗಳ ದೊಡ್ಡಿಯ ಮಾತು ದೊಡ್ಡ ಊರಿನ ಸಭೆಯಲ್ಲಿ ಕೇಳಿಸುವುದು ಕಷ್ಟ. ಅದೇ ದೊಡ್ಡಿಯ ಕಟ್ಟೆಯ ಮೇಲೆ ಕೂತು ಪಟ್ಟಿ ಮಾಡಿದರೆ ಅದು ಕಾನೂನು ಒಪ್ಪಿದ ಸಭೆಯೇ ಆಗುತ್ತದೆ. ಆ ಪಟ್ಟಿಯನ್ನು ವಾರ್ಡ್ ಸಭೆ ಆದ್ಯತೆಯ ಪ್ರಕಾರ ಜೋಡಿಸಬೇಕು, ವಾರ್ಡುಗಳ ಪಟ್ಟಿಗಳು ಗ್ರಾಮಸಭೆಗೆ ಬರಬೇಕು. ವಸತಿ ಯೋಜನೆಯ ಮನೆಗೆ ಯಾರು ಅರ್ಹರು ಎನ್ನುವುದೂ ಇದೇ ದಾರಿಯಲ್ಲಿ ತೀರ್ಮಾನವಾಗಬೇಕಾದ ವಿಷಯ. ಮೊದಲೆರಡು ಸಭೆ ಕಾಗದದಲ್ಲಷ್ಟೇ ನಡೆದುಹೋದರೆ ಮೂರನೆಯದು ಬರೀ ಶಾಮಿಯಾನ.

ಮತದಾರರ ಪಟ್ಟಿಯಲ್ಲಿ ಹೆಸರಿರುವ ಎಲ್ಲರೂ ಈ ಸಭೆಗಳ ಸದಸ್ಯರು. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಸದಸ್ಯರ ಹತ್ತನೇ ಒಂದು ಭಾಗ ಇಲ್ಲವೇ 100 ಜನ, ಯಾವುದು ಕಡಿಮೆಯೋ ಅಷ್ಟು ಮಂದಿ ಬಂದರೆ ಕೋರಂ. ನಮ್ಮಲ್ಲಿ ಇದು ತಪ್ಪುವುದು ಗುಳೆಯಿಂದ. ಸುಗ್ಗಿ ಮುಗಿಯುತ್ತಲೇ ಬೆಂಗಳೂರು, ಪುಣೆ ಕಡೆ ಬಸ್ಸು ಹತ್ತುವವರ ಹೆಸರು ಪಟ್ಟಿಯಲ್ಲಿರುತ್ತದೆ, ಕುರ್ಚಿ ಖಾಲಿ ಇರುತ್ತದೆ. ದಿನಾಂಕ ನಿಗದಿಯಾಗುವ ಮೊದಲೇ ಪಂಚಾಯಿತಿ ಸದಸ್ಯರಿಗೂ ಪಿಡಿಒಗೂ ಹೇಳಿ, ಗುಳೆ ಹೋಗುವವರು ಊರಲ್ಲಿರುವಾಗಲೇ ಸಭೆ ಇಡಿಸುವುದು ಊರಿನವರು ಮಾಡಬಹುದಾದ ಕೆಲಸ. ಡಂಗುರ ಸಾರಿಸಿದರೋ ಇಲ್ಲವೋ ಎಂದು ವಿಚಾರಿಸುವುದೂ ಅಷ್ಟೇ ಸುಲಭ.

ಇನ್ನು ಬೇಡಿಕೆ ಬರೆಯುವ ಬಗೆ. "ನೀರಿನ ಸಮಸ್ಯೆ ಬಗೆಹರಿಸಿ" ಎಂದು ಬರೆದರೆ ಅದನ್ನು ಯಾವ ಖಾತೆಗೂ ಹಾಕಲಾಗದು. "ಸರ್ಕಾರಿ ಶಾಲೆಯ ಹಿಂದಿನ ಬೋರ್‌ವೆಲ್‌ನಿಂದ ತಾಂಡಾದ ಮಿನಿ ಟ್ಯಾಂಕಿಗೆ ಪೈಪ್‌ಲೈನ್" ಎಂದು ಬರೆದರೆ ಎಂಜಿನಿಯರು ಅಂದಾಜು ಪಟ್ಟಿ ಮಾಡಬಹುದು. ಹಣದ ಲೆಕ್ಕವೂ ಸ್ವಲ್ಪ ಗೊತ್ತಿರಬೇಕು. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಸಿಸಿ ರಸ್ತೆಗೆ ಎಲ್ಲರೂ ಕೈ ಎತ್ತುತ್ತಾರೆ. ಚರಂಡಿಗೆ, ನೀರಿಗೆ ಮೀಸಲಾದ ಹಣವನ್ನು ಕೇಳುವವರು ಕಡಿಮೆ.

ಪಂಚಾಯಿತಿಯ ಕೈಮೀರಿದ್ದನ್ನು ಪಂಚಾಯಿತಿಗೇ ಕೇಳಿ ದಣಿಯುವುದೂ ಉಂಟು. ನಾರಾಯಣಪುರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಶೀಲಹಳ್ಳಿ ಸೇತುವೆ ಮುಳುಗಿ ಕಡದರಗಡ್ಡಿ, ಯರಗೋಡಿ ಕಡೆಯ ಜನ ಸುತ್ತು ಹಾಕುವ ಪಾಡು ಎಲ್ಲರಿಗೂ ಗೊತ್ತು. ಅಂಥ ಸೇತುವೆಯನ್ನು ಯಾವ ಗ್ರಾಮ ಪಂಚಾಯಿತಿಯೂ ತನ್ನ ಹಣದಲ್ಲಿ ಕಟ್ಟಲಾರದು. ಮಸ್ಕಿ ಸೀಮೆಯ ರೈತರು ನೀರಾವರಿಗೆ ಕೇಳಿದ 5ಎ ಕಾಲುವೆಯೂ ಹಾಗೆಯೇ. 2020ರ ಕೊನೆಯಲ್ಲಿ ಪಾಮನಕಲ್ಲೂರಿನಲ್ಲಿ ರೈತರು ಧರಣಿ ಕೂತರು, 2021ರ ಏಪ್ರಿಲ್‌ನ ಉಪಚುನಾವಣೆಯಲ್ಲಿ ಅದೇ ದೊಡ್ಡ ಚರ್ಚೆಯಾಯಿತು. ಇಂಥ ವಿಷಯದಲ್ಲಿ ಗ್ರಾಮಸಭೆ ಮಾಡಬಹುದಾದದ್ದು ಠರಾವು ಪಾಸು ಮಾಡಿ ಮೇಲಕ್ಕೆ ಕಳಿಸುವುದು. ಸಣ್ಣದಾಗಿ ಕಂಡರೂ ಹತ್ತಾರು ಊರುಗಳ ಠರಾವು ಒಂದೇ ಮಾತು ಹೇಳಿದರೆ, ಕಚೇರಿಯಲ್ಲಿ "ಬೇಡಿಕೆಯೇ ಬಂದಿಲ್ಲ" ಎನ್ನುವ ಉತ್ತರಕ್ಕೆ ಜಾಗವಿರುವುದಿಲ್ಲ.

ಸಭೆಯ ದಿನ ಎಲ್ಲಕ್ಕಿಂತ ತೂಕದ ವಸ್ತು ನಡಾವಳಿ ಪುಸ್ತಕ. ಮೈಕಿನಲ್ಲಿ ಹೇಳಿದ್ದು ಅದರಲ್ಲಿ ಇಲ್ಲದಿದ್ದರೆ ಹೇಳಿಯೇ ಇಲ್ಲ ಎಂದು ಲೆಕ್ಕ. ಆದ್ದರಿಂದ ಸಭೆ ಮುಗಿಯುವ ಮುನ್ನ ಬರೆದದ್ದನ್ನು ಜೋರಾಗಿ ಓದಿಸಿ, ಆಮೇಲೆ ಸಹಿ ಹಾಕಿ. ಖಾಲಿ ಹಾಳೆಗೆ ಸಹಿ ಬೇಡ. ಮರುದಿನ ಮನೆಬಾಗಿಲಿಗೆ ಪುಸ್ತಕ ತಂದು "ಇಲ್ಲೊಂದು ಸಹಿ ಹಾಕ್ರಿ ಅಕ್ಕಾ" ಎಂದರಂತೂ ಬೇಡವೇ ಬೇಡ. ನಡಾವಳಿಯ ಪ್ರತಿ ಕೇಳಿದಾಗ ಕೊಡದಿದ್ದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಇದೆ; 30 ದಿನದೊಳಗೆ ಉತ್ತರ ಬರಬೇಕು. ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯದ್ದಾಗಿ 150 ಪದ ಮೀರದಂತಿರಲಿ, ಇಲ್ಲದಿದ್ದರೆ ಅದೇ ನೆಪದಲ್ಲಿ ವಾಪಸ್ ಬರುತ್ತದೆ.

ನನ್ನ ಮಟ್ಟಿಗೆ ಗ್ರಾಮಸಭೆಗಿಂತ ಹರಿತವಾದದ್ದು ಜಮಾಬಂದಿ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರ ನಡುವೆ ಹಿಂದಿನ ಸಾಲಿನ ಲೆಕ್ಕವನ್ನು ಜನರೆದುರು ಬಿಚ್ಚಿಡಬೇಕು. ಕ್ಯಾಶ್‌ಬುಕ್, ಬಿಲ್ಲು, ಅಳತೆ ಪುಸ್ತಕ ಎಲ್ಲ ಮೇಜಿನ ಮೇಲೆ ಬರಬೇಕು. ಕಾಮಗಾರಿ ನಡೆದ ಜಾಗಕ್ಕೂ ಹೋಗಿ ನೋಡಬೇಕು. ಅಳತೆ ಪುಸ್ತಕದಲ್ಲಿ ಇಷ್ಟು ಮೀಟರ್ ಚರಂಡಿ ಎಂದು ಇದ್ದರೆ ಟೇಪು ಹಿಡಿದು ಅಳೆಯಲು ಓದು ಬರಹ ಹೆಚ್ಚೇನೂ ಬೇಕಿಲ್ಲ. ಗ್ರಾಮಸಭೆಗೆ ನೂರು ಜನ ಬರುವ ಊರಲ್ಲೂ ಜಮಾಬಂದಿಗೆ ಹತ್ತು ಜನ ಸೇರುವುದಿಲ್ಲ ಎಂಬುದು ವಿಚಿತ್ರ.

ಸಭೆಯನ್ನೇ ಕರೆಯದಿದ್ದರೆ? ಗ್ರಾಮಸಭೆಯ ಶೇ 10ರಷ್ಟು ಸದಸ್ಯರು ಚರ್ಚಿಸಬೇಕಾದ ವಿಷಯಗಳನ್ನು ನಮೂದಿಸಿ ಲಿಖಿತವಾಗಿ ಕೇಳಿದರೆ ವಿಶೇಷ ಗ್ರಾಮಸಭೆ ಕರೆಯಲೇಬೇಕು. ಇಂಥ ಎರಡು ಸಭೆಗಳ ನಡುವೆ ಮೂರು ತಿಂಗಳ ಅಂತರವಿರಬೇಕು.

ಇದೆಲ್ಲ ಹಳ್ಳಿಗಳ ಮಾತಾಯಿತು. ಪಟ್ಟಣಕ್ಕೆ ಬಂದರೆ ಕಥೆ ಬೇರೆ. ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಯನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಮತ್ತು ಅದಕ್ಕೂ ಹೆಚ್ಚು ಜನರಿರುವ ಊರುಗಳಿಗೆ. ಲಿಂಗಸುಗೂರು, ಮುದಗಲ್, ಮಸ್ಕಿ ಪುರಸಭೆಗಳಾಗಲಿ, ಸಿಂಧನೂರು ನಗರಸಭೆಯಾಗಲಿ ಆ ಲೆಕ್ಕಕ್ಕೆ ಬರುವುದಿಲ್ಲ. ಗುರುಗುಂಟಾದ ಕೂಲಿಕಾರನಿಗೆ ಎದ್ದು ನಿಂತು ಕೇಳಲು ಒಂದು ಸಭೆ ಇದೆ, ಲಿಂಗಸುಗೂರು ಬಸ್ ನಿಲ್ದಾಣದ ಪಕ್ಕದ ಅಂಗಡಿಯವನಿಗೆ ಇಲ್ಲ! ಅವನ ಪಾಲಿಗೆ ಇರುವ ಬಾಗಿಲು ಬಜೆಟ್ ಪೂರ್ವಭಾವಿ ಸಭೆ. ಆಯವ್ಯಯ ಮಂಡಿಸುವ ಮೊದಲು ಸಾರ್ವಜನಿಕರ ಸಲಹೆ ಕೇಳುವ ಈ ಸಭೆಗೆ ಹೋಗುವಾಗ ಬೇಡಿಕೆಯನ್ನು ಎರಡು ಪ್ರತಿ ಬರೆದುಕೊಂಡು ಹೋಗಿ. ಒಂದನ್ನು ಮುಖ್ಯಾಧಿಕಾರಿಗೆ ಕೊಟ್ಟು, ಇನ್ನೊಂದರ ಮೇಲೆ ಸೀಲು, ತಾರೀಖು ಹಾಕಿಸಿಕೊಂಡು ಬನ್ನಿ.