‘ದಾಖಲೆ ಲಭ್ಯವಿಲ್ಲ’ ಎಂದರೆ ಹೆಸರೇ ಇಲ್ಲವೆಂದಲ್ಲ

ಮತದಾರರ ಪಟ್ಟಿಯಲ್ಲಾಗಲಿ, ಪಿಂಚಣಿ ದಾಖಲೆಯಲ್ಲಾಗಲಿ ಹೆಸರು ಹುಡುಕಿದಾಗ ಗಣಕಯಂತ್ರವು ‘ದಾಖಲೆ ಲಭ್ಯವಿಲ್ಲ’ ಎಂದುಬಿಟ್ಟರೆ ಅನೇಕರು ನಿರಾಶರಾಗಿ ಹಿಂದಿರುಗುತ್ತಾರೆ. ಆದರೆ ಹೆಸರು ಒಳಗೇ ಇರಬಹುದು. ತದ್ರೂಪವಾದುದನ್ನು ಮಾತ್ರ ಹುಡುಕುವ ವ್ಯವಸ್ಥೆಯಲ್ಲಿ ‘ಮಂಜುನಾಥ’ ಎಂದು ಕೇಳಿದವರಿಗೆ ‘ಮಂಜುನಾಥ್’ ಎಂದು ನಮೂದಾದ ದಾಖಲೆ ದೊರೆಯದು.

ಈ ತೊಡಕಿನ ಪರಿಹಾರಕ್ಕಾಗಿಯೇ ದತ್ತಸಂಚಯಗಳ ಪ್ರಶ್ನಾಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ‘ಲೈಕ್’ ಎಂಬ ಪದವಿದೆ. ಅದರೊಡನೆ ಬಳಸುವ ವಿಶೇಷ ಚಿಹ್ನೆಗಳೇ ವೈಲ್ಡ್‌ಕಾರ್ಡ್‌ಗಳು. ಇಸ್ಪೀಟಿನ ಜೋಕರ್ ಯಾವ ಎಲೆಯ ಬದಲಿಗಾದರೂ ಸಲ್ಲುವಂತೆ ಇವು ಯಾವ ಅಕ್ಷರದ ಬದಲಿಗಾದರೂ ಸಲ್ಲುತ್ತವೆ.

ಇವುಗಳಲ್ಲಿ ಮುಖ್ಯವಾದವು ಎರಡು. ಶೇಕಡಾ ಚಿಹ್ನೆ (%) ಎಷ್ಟು ಅಕ್ಷರಗಳಿಗಾದರೂ ಸಲ್ಲುತ್ತದೆ; ಅಲ್ಲಿ ಏನೂ ಇಲ್ಲದಿದ್ದರೂ ಸರಿಯೇ. ಅಡಿಗೆರೆ (_) ಒಂದೇ ಒಂದು ಅಕ್ಷರಕ್ಕೆ ಸಲ್ಲುತ್ತದೆ. ‘ಮಂಜುನಾಥ%’ ಎಂದು ಕೇಳಿದರೆ ಮಂಜುನಾಥ, ಮಂಜುನಾಥ್, ಮಂಜುನಾಥಯ್ಯ ಮೂವರೂ ಸಿಗುತ್ತಾರೆ. ಹೆಸರಿನ ಮುಂದೆ ಇನಿಷಿಯಲ್ ಇದ್ದರೆ ‘%ಮಂಜುನಾಥ%’ ಎನ್ನಬೇಕು. ಮೈಕ್ರೋಸಾಫ್ಟ್ ಆಕ್ಸೆಸ್‌ನಲ್ಲಿ ಮಾತ್ರ ಸಾಮಾನ್ಯವಾಗಿ ಇವುಗಳ ಬದಲು ನಕ್ಷತ್ರ (*) ಮತ್ತು ಪ್ರಶ್ನಾರ್ಥಕ (?) ಚಿಹ್ನೆಗಳು ಬಳಕೆಯಾಗುತ್ತವೆ.

ಕನ್ನಡದಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಕಣ್ಣಿಗೆ ‘ಕೃಷ್ಣ’ ಎರಡೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಐದು ಸಂಕೇತ: ಕ, ಋಕಾರದ ಚಿಹ್ನೆ, ಷ, ವಿರಾಮ, ಣ. ಸಂಕೇತಗಳನ್ನೇ ಎಣಿಸುವ ದತ್ತಸಂಚಯದಲ್ಲಿ ‘ಕೃ_’ ಎಂದು ಹುಡುಕಿದರೆ ಕೃಷ್ಣ ಸಿಗುವುದಿಲ್ಲ. ಮೂರು ಅಡಿಗೆರೆಗಳು ಬೇಕಾಗುತ್ತವೆ. ಆದುದರಿಂದ ಕನ್ನಡದ ಹೆಸರುಗಳಿಗೆ ಶೇಕಡಾ ಚಿಹ್ನೆಯೇ ಹೆಚ್ಚು ಸುರಕ್ಷಿತ.

ಹಾಗೆಂದು ಎಲ್ಲೆಡೆ ಅದನ್ನು ಮೊದಲಿಗೇ ಇಡುವುದೂ ತರವಲ್ಲ. ‘ಗೌಡ’ ಎಂದು ಕೊನೆಗೊಳ್ಳುವ ಪದಗಳನ್ನೆಲ್ಲ ನಿಘಂಟಿನಲ್ಲಿ ಹುಡುಕಬೇಕಾದರೆ ಪ್ರತಿ ಪುಟವನ್ನೂ ತಿರುವಬೇಕಷ್ಟೆ. ‘%ಗೌಡ’ ಎಂದಾಗ ದತ್ತಸಂಚಯದ ಪಾಡೂ ಅದೇ. ಸಾಮಾನ್ಯ ಸೂಚಿ ನೆರವಿಗೆ ಬಾರದೆ ಎಲ್ಲ ದಾಖಲೆಗಳನ್ನೂ ಓದಬೇಕಾಗಿ ವಿಳಂಬವಾಗುತ್ತದೆ.

ಈ ಚಿಹ್ನೆಗಳಿಗೆ ಅವಕಾಶವಿದೆಯೇ ಇಲ್ಲವೇ ಎಂಬುದು ತಂತ್ರಾಂಶವನ್ನು ರೂಪಿಸಿದವರಿಗೆ ಸೇರಿದ ವಿಷಯ. ಆದರೂ ಹೆಸರು ಸಿಗದಿದ್ದರೆ, ಅದರ ಮೊದಲ ಭಾಗವನ್ನಷ್ಟೇ ಕೊಟ್ಟು ಮತ್ತೊಮ್ಮೆ ಹುಡುಕುವಂತೆ ಸಿಬ್ಬಂದಿಯನ್ನು ಕೇಳಬಹುದು. ಒಂದೇ ಬಗೆಯ ಹಲವು ಹೆಸರುಗಳು ಬಂದಾಗ ತಂದೆಯ ಹೆಸರು, ವಿಳಾಸಗಳನ್ನು ತಾಳೆ ನೋಡುವುದನ್ನು ಮಾತ್ರ ಮರೆಯಬಾರದು.